ಆಲೆಮನೆ ಹೊಗೆ ಅಳೆಯುವ ಬಗೆ

ಅಮೆರಿಕದ ಪೆನ್ಸಿಲ್ವೇನಿಯಾ, ವಯೋಮಿಂಗ್ ಕಡೆ ನೈಸರ್ಗಿಕ ಅನಿಲದ (ಗ್ಯಾಸ್) ಬಾವಿಗಳು ಮನೆ ಹಿತ್ತಲಿನವರೆಗೂ ಬಂದಾಗ ಅಲ್ಲಿನ ಜನ ಸರ್ಕಾರದ ವರದಿಗೆ ಕಾಯದೆ ತಾವೇ ಗಾಳಿ ಅಳೆಯತೊಡಗಿದರು. ಅವರು ಬಳಸಿದ ಸಾಧನಗಳು ಮುಖ್ಯವಾಗಿ ಮೂರು: ಲೇಸರ್ ದೂಳು ಸೆನ್ಸರ್, ಬಕೆಟ್ಟಿನೊಳಗೆ ಚೀಲವಿಟ್ಟು ಗಾಳಿ ಹಿಡಿಯುವ ಉಪಾಯ, ಕಂಬಕ್ಕೆ ನೇತುಹಾಕಿ ದಿನಗಟ್ಟಲೆ ಬಿಡುವ, ತಾನಾಗಿಯೇ ಅನಿಲ ಹೀರಿಕೊಳ್ಳುವ ಪ್ಯಾಸಿವ್ ಬ್ಯಾಡ್ಜು. ಐದು ರಾಜ್ಯಗಳಲ್ಲಿ ಊರವರೇ ಹಿಡಿದ ಮಾದರಿಗಳ ಮೇಲೆ 2014ರಲ್ಲಿ ಬಂದ ಅಧ್ಯಯನದಲ್ಲಿ ಮಿತಿ ಮೀರಿ ಸಿಕ್ಕಿದ್ದು ಹೆಚ್ಚಾಗಿ ಬೆಂಜೀನ್, ಫಾರ್ಮಾಲ್ಡಿಹೈಡ್ ಮತ್ತು ಹೈಡ್ರೋಜನ್ ಸಲ್ಫೈಡ್. ವಾಸನೆ ಬಂದ ಹೊತ್ತಿಗೆ, ಮೈಗೆ ಸರಿಯಿಲ್ಲ ಅನ್ನಿಸಿದ ಹೊತ್ತಿಗೆ ಮಾದರಿ ಹಿಡಿಯಲು ಊರಿನಲ್ಲೇ ಇರುವವರಿಗೆ ಮಾತ್ರ ಸಾಧ್ಯ.

ಮಂಡ್ಯ, ಮದ್ದೂರು, ಪಾಂಡವಪುರ, ಕೆ.ಆರ್. ಪೇಟೆ ಸುತ್ತ ಗ್ಯಾಸ್ ಬಾವಿ ಇಲ್ಲ, ಆಲೆಮನೆ ಇದೆ. ಹೊಗೆ ಬೇರೆ, ಅಳೆಯುವ ಕ್ರಮ ಅದೇ. ಅಲ್ಲಿ ಮುಖ್ಯವಾಗುವ ಮೀಥೇನ್ ಮೀಟರು ಇಲ್ಲಿ ದಂಡ. ಹಸಿ ರಚ್ಚು (ಹಾಲು ಹಿಂಡಿದ ಕಬ್ಬಿನ ಸಿಪ್ಪೆ) ಉರಿದಾಗ ಬರುವುದು ಸಣ್ಣ ಕಣದ ಹೊಗೆ, ಅಂದರೆ ಪಿಎಂ 2.5 (2.5 ಮೈಕ್ರಾನ್ ಮೀರದ ಕಣ), ಜೊತೆಗೆ ಕಾರ್ಬನ್ ಮಾನಾಕ್ಸೈಡ್. ಒಲೆಗೆ ಟೈರು, ಪ್ಲಾಸ್ಟಿಕ್ ಬಿದ್ದರೆ ಕರಿ ಮಸಿ, ಸಲ್ಫರ್ ಡೈಆಕ್ಸೈಡ್, ಬೆಂಜೀನ್ ಕೂಡ ಸೇರುತ್ತವೆ.

ಮೊದಲು ಪ್ರಶ್ನೆ

‘ನಮ್ಮೂರ ಗಾಳಿ ಕೆಟ್ಟಿದೆಯಾ?’ ಎಂದು ಕೇಳಿದರೆ ಯಾವ ಯಂತ್ರವೂ ಉತ್ತರ ಕೊಡುವುದಿಲ್ಲ. ‘ಆಲೆಮನೆ ಉರಿಯುವ ದಿನ, ಗಾಳಿ ಅತ್ತಲಿಂದ ಬೀಸುವಾಗ, ಶಾಲೆ ಅಂಗಳದಲ್ಲಿ ಪಿಎಂ 2.5 ಎಷ್ಟು ಏರುತ್ತದೆ?’ ಎಂದರೆ ಉತ್ತರ ಸಿಗುತ್ತದೆ. ಪ್ರಶ್ನೆಯಲ್ಲಿ ಜಾಗ, ಹೊತ್ತು, ಗಾಳಿಯ ದಿಕ್ಕು, ಅಳೆಯುವ ವಸ್ತು ನಾಲ್ಕೂ ಇರಬೇಕು. ಯಾವುದು ಬಿಟ್ಟುಹೋದರೂ ಆಮೇಲೆ ಅದರ ಮೇಲೇ ವಾದ ಶುರುವಾಗುತ್ತದೆ: ‘ಅದು ರಸ್ತೆ ದೂಳು’, ‘ಅದು ನಿಮ್ಮ ಮನೆ ಒಲೆ ಹೊಗೆ’.

ಹಾಗಾಗಿ ಒಂದು ಯಂತ್ರ ಸಾಲದು. ಕನಿಷ್ಠ ಎರಡು ಪೆಟ್ಟಿಗೆ ಬೇಕು. ಒಂದು ಆಲೆಮನೆಗೆ ಗಾಳಿ ಬರುವ ಕಡೆ, ಇನ್ನೊಂದು ಹೊಗೆ ಹೋಗುವ ಕಡೆ. ಮೂರಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಒಂದು ಕೆಡುವುದು ಖಂಡಿತ.

ಪೆಟ್ಟಿಗೆಯೊಳಗೆ ಏನೇನು

ಒಂದು ಪೆಟ್ಟಿಗೆಗೆ ಎರಡು ಪ್ಲಾಂಟವರ್ ಪಿಎಂಎಸ್5003 ಲೇಸರ್ ದೂಳು ಸೆನ್ಸರ್, ತೇವ ಮತ್ತು ಉಷ್ಣತೆಗೆ ಒಂದು ಬಿಎಂಇ280, ಒಂದು ಇಎಸ್‌ಪಿ32 ಬೋರ್ಡು (ಎಲ್ಲವನ್ನೂ ನಡೆಸುವ ಪುಟ್ಟ ಕಂಪ್ಯೂಟರ್), ಡಿಎಸ್3231 ಗಡಿಯಾರ ಮಾಡ್ಯೂಲ್, ಎಸ್‌ಡಿ ಕಾರ್ಡ್ ಮಾಡ್ಯೂಲ್, 32 ಜಿಬಿ ಮೀರದ ಕಾರ್ಡು, 5 ವೋಲ್ಟ್ 2 ಆಂಪಿಯರ್ ಅಡಾಪ್ಟರ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲೋ ಆನ್‌ಲೈನಿನಲ್ಲೋ ಎಲ್ಲವೂ ಸಿಗುತ್ತವೆ. ಸೆನ್ಸರ್ ಎರಡೇಕೆ ಅಂದರೆ, ಒಂದೇ ಇದ್ದು ಅದು ತಪ್ಪು ಹೇಳಿದರೆ ಗೊತ್ತಾಗುವುದೇ ಇಲ್ಲ. ಎರಡಿದ್ದರೆ ಜಗಳವಾದರೂ ಕಾಣುತ್ತದೆ.

ಪಿಎಂಎಸ್5003ರ ಎಂಟು ಪಿನ್ನುಗಳಲ್ಲಿ ನಮಗೆ ಬೇಕಾದ್ದು ಮೂರು: 1ನೆಯದು 5 ವೋಲ್ಟ್, 2ನೆಯದು ಗ್ರೌಂಡ್, 5ನೆಯದು ಸೆನ್ಸರ್ ಮಾತಾಡುವ ಟಿಎಕ್ಸ್. ಕರೆಂಟು 5 ವೋಲ್ಟ್ ಆದರೂ ಮಾತು 3.3 ವೋಲ್ಟಿನಲ್ಲಿ ಬರುವುದರಿಂದ ಇಎಸ್‌ಪಿ32ಕ್ಕೆ ನೇರವಾಗಿ ಜೋಡಿಸಬಹುದು. ಒಂದನ್ನು 16ನೇ ಪಿನ್ನಿಗೆ, ಇನ್ನೊಂದನ್ನು 26ನೇ ಪಿನ್ನಿಗೆ ಕೊಡಿ. ಎರಡನೆಯ ಸೀರಿಯಲ್ ಪೋರ್ಟಿಗೆ ಪಿನ್ ಹೆಸರಿಸದೆ ಬಿಟ್ಟರೆ ಹಳೆಯ ಸಾಫ್ಟ್‌ವೇರ್ ಆವೃತ್ತಿಗಳಲ್ಲಿ ಅದು ಫ್ಲ್ಯಾಶ್ ಮೆಮರಿಯ 9 ಮತ್ತು 10ನೇ ಪಿನ್ನುಗಳಿಗೇ ಕೈಹಾಕುತ್ತದೆ, ಬೋರ್ಡು ಪದೇಪದೇ ರೀಸೆಟ್ ಆಗುತ್ತದೆ. ಸೆನ್ಸರಿನ ತಗಡಿನ ಹೊದಿಕೆ ಒಳಗೇ ಗ್ರೌಂಡಿಗೆ ಸೇರಿಕೊಂಡಿದೆ, ಬೇರೆ ತಂತಿ ಅದಕ್ಕೆ ತಾಗದಂತೆ ನೋಡಿ.

ಗಡಿಯಾರದ ಮಾಡ್ಯೂಲಿನಲ್ಲಿ ಒಂದು ಹುಳುಕಿದೆ. ಹೆಚ್ಚು ಮಾರಾಟವಾಗುವ ಅಗ್ಗದ ಬೋರ್ಡಿನಲ್ಲಿ ಚಾರ್ಜ್ ಆಗುವ ಬ್ಯಾಟರಿಗೆಂದು ಚಾರ್ಜಿಂಗ್ ದಾರಿ ಇಟ್ಟಿರುತ್ತಾರೆ. ನಾವು ಹಾಕುವುದು ಚಾರ್ಜ್ ಮಾಡಬಾರದ ಸಿಆರ್2032. ಆ ದಾರಿಯಲ್ಲಿರುವ 200 ಓಂ ರೆಸಿಸ್ಟರನ್ನು ಕಿತ್ತುಹಾಕಿ, ಇಲ್ಲದಿದ್ದರೆ ಬ್ಯಾಟರಿ ಉಬ್ಬುತ್ತದೆ. ವೈಫೈ ಇದ್ದರೂ ಗಡಿಯಾರ ಬೇಕು. ಕರೆಂಟು ಹೋಗಿ ಬಂದಾಗ ಇಂಟರ್ನೆಟ್ ಬರುವಷ್ಟರಲ್ಲಿ ಅರ್ಧ ಗಂಟೆಯ ದಾಖಲೆಗೆ ಹೊತ್ತೇ ಇರುವುದಿಲ್ಲ.

ಸೆನ್ಸರ್ 9600 ವೇಗದಲ್ಲಿ 32 ಬೈಟುಗಳ ಕಂತು ಕಳಿಸುತ್ತದೆ. ಮೊದಲೆರಡು ಬೈಟು 66 ಮತ್ತು 77, ಕೊನೆಯ ಎರಡು ಬೈಟು ಹಿಂದಿನ ಮೂವತ್ತರ ಮೊತ್ತ. ಮೊತ್ತ ತಾಳೆಯಾಗದ ಕಂತನ್ನು ಬಿಸಾಡಿ. ಆನ್ ಮಾಡಿದ ಮೊದಲ 30 ಸೆಕೆಂಡಿನದನ್ನೂ ಬಿಸಾಡಿ. ಫ್ಯಾನು ಸ್ಥಿಮಿತಕ್ಕೆ ಬರಲು ಅಷ್ಟು ಬೇಕು. ಒಂದೊಂದು ನಿಮಿಷದ ಸರಾಸರಿ ಬರೆದುಕೊಂಡರೆ ಸಾಕು.

ಅದೇ ಕಂತಿನಲ್ಲಿ ಪಿಎಂ 2.5ಕ್ಕೆ ಎರಡು ಅಂಕಿ ಬರುತ್ತವೆ, ಒಂದರ ಹೆಸರು ಸಿಎಫ್1, ಇನ್ನೊಂದು ಎಟಿಎಂ. ಗಾಳಿ ಚೊಕ್ಕಟವಾಗಿದ್ದಾಗ ಎರಡೂ ಒಂದೇ. ಘನಮೀಟರಿಗೆ ಸುಮಾರು 30 ಮೈಕ್ರೋಗ್ರಾಂ ದಾಟಿದ ಮೇಲೆ ಎಟಿಎಂ ಹಿಂದೆ ಬಿದ್ದು, ದಟ್ಟ ಹೊಗೆಯಲ್ಲಿ ಸಿಎಫ್1ರ ಮೂರನೇ ಎರಡು ಪಾಲಿಗೆ ಇಳಿಯುತ್ತದೆ. ಎರಡನ್ನೂ ದಾಖಲಿಸಿ, ಲೆಕ್ಕಕ್ಕೆ ಯಾವುದನ್ನು ತೆಗೆದುಕೊಂಡಿರಿ ಎಂದು ಬರೆದಿಡಿ. ಇಬ್ಬರ ಯಂತ್ರ ಬೇರೆ ಬೇರೆ ಹೇಳುತ್ತಿದೆ ಎಂಬ ತಕರಾರುಗಳಲ್ಲಿ ಎಷ್ಟೋ ಇಲ್ಲೇ ಮುಗಿಯುತ್ತವೆ.

ಪಿಎಂ 10 ಎಂದು ಬರುವ ಅಂಕಿಯನ್ನು ನಂಬಬೇಡಿ. ಈ ಸೆನ್ಸರ್ ದಪ್ಪ ಕಣವನ್ನು ನಿಜವಾಗಿ ಕಾಣುವುದೇ ಇಲ್ಲ, ಸಣ್ಣ ಕಣದ ಎಣಿಕೆಯಿಂದ ಅಂದಾಜು ಹಾಕಿ ಹೇಳುತ್ತದೆ. ಕಲ್ಲು ಕ್ವಾರಿಯ ಕಡೆ ಕ್ರಷರ್ ದೂಳು ಅಳೆಯಲು ಇದನ್ನು ಹಿಡಿದು ಹೋದರೆ ಮೈತುಂಬ ದೂಳು ಕೂತಿದ್ದರೂ ಪೆಟ್ಟಿಗೆ ‘ಎಲ್ಲ ಸರಿ’ ಅನ್ನುತ್ತದೆ. ಕಲ್ಲುದೂಳಿಗೆ ಫಿಲ್ಟರ್ ತೂಗುವ ಸ್ಯಾಂಪ್ಲರೇ ಬೇಕು.

ಹೊರಗಿನ ಪೆಟ್ಟಿಗೆಗೆ ನಾಲ್ಕಿಂಚಿನ ಪಿವಿಸಿ ಪೈಪು, ಮೇಲೆ ಮುಚ್ಚಳ, ಕೆಳಗೆ ತೆರೆದ ಬಾಯಿ. ಸೆನ್ಸರ್ ಗಾಳಿ ಎಳೆಯುವ ಕಿಂಡಿ ಮತ್ತು ಬಿಡುವ ಕಿಂಡಿಯ ನಡುವೆ ಒಂದು ತುಂಡು ಫೋಮ್ ಅಡ್ಡ ಇಡಿ, ಇಲ್ಲದಿದ್ದರೆ ತಾನು ಬಿಟ್ಟ ಗಾಳಿಯನ್ನೇ ತಿರುಗಿ ಎಳೆಯುತ್ತದೆ. ಕೆಳಬಾಯಿಗೆ ಒಂದೆರಡು ಮಿಲಿಮೀಟರ್ ಕಣ್ಣಿನ ನೈಲಾನ್ ಬಲೆ ಕಟ್ಟಿ. ಬಟ್ಟೆ ಕಟ್ಟಬಾರದು, ಬಟ್ಟೆಯೇ ಫಿಲ್ಟರ್ ಆಗುತ್ತದೆ. ಬಲೆ ಇಲ್ಲದಿದ್ದರೆ ಜೇಡ ಒಳಗೆ ಬಲೆ ಹೆಣೆಯುತ್ತದೆ, ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಲೇಸರಿಗೆ ಒಂದು ಎಳೆ ಅಡ್ಡ ಬಂದರೂ ಅಂಕಿ ಆಕಾಶಕ್ಕೇರಿ ಅಲ್ಲೇ ನಿಲ್ಲುತ್ತದೆ.

ಒಟ್ಟಿಗೆ ಇಟ್ಟು ಪಳಗಿಸುವುದು

ಪೆಟ್ಟಿಗೆಗಳನ್ನು ಹಂಚುವ ಮೊದಲು ಎಲ್ಲವನ್ನೂ ಒಂದೇ ಕಂಬಕ್ಕೆ ಒಂದು ವಾರ ಕಟ್ಟಿ. ಗಂಟೆ ಸರಾಸರಿ ಹಾಕಿ ನೋಡಿದಾಗ ಉಳಿದವುಗಳಿಗಿಂತ ಶೇ 15ಕ್ಕೂ ಹೆಚ್ಚು ಆಚೀಚೆ ಇರುವ ಸೆನ್ಸರನ್ನು ಪಕ್ಕಕ್ಕಿಡಿ. ಉಳಿದ ಸಣ್ಣ ವ್ಯತ್ಯಾಸಕ್ಕೆ ಒಂದೊಂದಕ್ಕೂ ಗುಣಾಂಕ ಬರೆದಿಟ್ಟುಕೊಳ್ಳಿ. ಹಂಗಾಮು ಮುಗಿದ ಮೇಲೆ ಮತ್ತೆ ಒಂದು ವಾರ ಹೀಗೇ ಕಟ್ಟಬೇಕು. ನಡುವೆ ಯಾವುದು ಜಾರಿತು ಎಂದು ತಿಳಿಯಲು ಬೇರೆ ದಾರಿ ಇಲ್ಲ.

ಪೆಟ್ಟಿಗೆಗಳು ತಮ್ಮೊಳಗೆ ಒಪ್ಪಿದವು ಎಂದ ಮಾತ್ರಕ್ಕೆ ಹೇಳುವುದು ನಿಜ ಎಂದಾಗಲಿಲ್ಲ. ಮೈಸೂರಿನ ಹೆಬ್ಬಾಳದಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿರಂತರ ಮಾಪನ ಕೇಂದ್ರವಿದೆ. ಅನುಮತಿ ಸಿಕ್ಕರೆ ಅದರ ಪಕ್ಕ ಕೆಲವು ದಿನ ಇಟ್ಟು ತಾಳೆ ನೋಡಬಹುದು. ಆದರೆ ಅಲ್ಲಿನದು ನಗರದ ಗಾಳಿ, ನಮ್ಮದು ರಚ್ಚಿನ ಹೊಗೆ. ಒಂದೇ ತೂಕದ ಕಣವಾದರೂ ಬಣ್ಣ, ಗಾತ್ರ ಬೇರೆಯಾದರೆ ಲೇಸರಿಗೆ ಬೇರೆಯಾಗಿ ಕಾಣುತ್ತದೆ. ಹಸಿ ಕಟ್ಟಿಗೆ, ಹುಲ್ಲಿನ ಹೊಗೆಯಲ್ಲಿ ಈ ಸೆನ್ಸರುಗಳು ಇರುವುದಕ್ಕಿಂತ ಹೆಚ್ಚು ತೋರಿಸುವುದೇ ಜಾಸ್ತಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇದೇ ಜಾತಿಯ ಸೆನ್ಸರಿಗೆ ಒಂದು ಸೂತ್ರ ಕೊಟ್ಟಿದೆ: ಸಿಎಫ್1 ಅಂಕಿಯನ್ನು 0.524ರಿಂದ ಗುಣಿಸಿ, ತೇವಾಂಶದ ಶೇಕಡಾವನ್ನು 0.0862ರಿಂದ ಗುಣಿಸಿ ಅದರಿಂದ ಕಳೆದು, 5.75 ಕೂಡಿಸುವುದು. ಯಂತ್ರದ ಅಂಕಿ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದನ್ನು ಗಮನಿಸಿ. ಅದು ಅವರ ಊರಿನ ಗಾಳಿಗೆ ಕಟ್ಟಿದ ಸೂತ್ರ. ಮಂಡ್ಯಕ್ಕೆ ಹಾಗೇ ತಂದು ಅಂಟಿಸಬಾರದು, ಯಾವ ದಿಕ್ಕಿಗೆ ತಪ್ಪುತ್ತೇವೆ ಎಂಬ ಅಂದಾಜಿಗೆ ಮಾತ್ರ ಸಾಕು.

ಸರಿಯಾದ ದಾರಿ ಎಂದರೆ ಫಿಲ್ಟರ್. ಪಿಎಂ 2.5 ಸ್ಯಾಂಪ್ಲರ್ ನಿಮಿಷಕ್ಕೆ 16.67 ಲೀಟರ್ ಗಾಳಿ ಎಳೆಯುತ್ತದೆ, 24 ಗಂಟೆಗೆ 24 ಘನಮೀಟರ್. 47 ಮಿಲಿಮೀಟರ್ ಟೆಫ್ಲಾನ್ ಫಿಲ್ಟರನ್ನು ಮೊದಲೂ ಆಮೇಲೂ ಒಂದೇ ತೇವ, ಒಂದೇ ಉಷ್ಣತೆಯ ಕೋಣೆಯಲ್ಲಿ ಒಂದು ದಿನ ಇಟ್ಟು ತೂಗಬೇಕು. ತೂಕ 1.92 ಮಿಲಿಗ್ರಾಂ ಏರಿದ್ದರೆ ಅದನ್ನು 24ರಿಂದ ಭಾಗಿಸಿ, ಘನಮೀಟರಿಗೆ 80 ಮೈಕ್ರೋಗ್ರಾಂ. ಅದೇ 24 ಗಂಟೆ ಪಕ್ಕದಲ್ಲಿದ್ದ ನಿಮ್ಮ ಪೆಟ್ಟಿಗೆ 144 ಎಂದಿದ್ದರೆ ಆ ಹೊಗೆಗೆ ಗುಣಾಂಕ 0.56. ಹಂಗಾಮಿನಲ್ಲಿ ಹೀಗೆ ಐದಾರು ದಿನ ಸಿಕ್ಕರೂ ನಿಮ್ಮ ಇಡೀ ದಾಖಲೆಗೆ ಬೆಲೆ ಬರುತ್ತದೆ. ಮಂಡ್ಯದ ಪಿ.ಇ.ಎಸ್., ಮೈಸೂರಿನ ಎನ್.ಐ.ಇ., ಎಸ್.ಜೆ.ಸಿ.ಇ. ಕಾಲೇಜುಗಳ ಸಿವಿಲ್ ವಿಭಾಗಕ್ಕೆ ಹೋಗಿ ಕೇಳಿ ನೋಡಿ. ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಬೇಕೇ ಬೇಕು.

ಎಲ್ಲಿ ಕಟ್ಟುವುದು

ನಮ್ಮ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಲು ಗಾಳಿ, ನವೆಂಬರ್‌ನಿಂದ ಫೆಬ್ರವರಿವರೆಗೆ ಹೆಚ್ಚಾಗಿ ಮೂಡಲು ಗಾಳಿ. ಆದರೆ ಊರಿನ ಮಟ್ಟದಲ್ಲಿ ನಾಲೆ ಏರಿ, ತೋಪು, ದಿಣ್ಣೆ ಎಲ್ಲವೂ ಗಾಳಿಯನ್ನು ತಿರುಗಿಸುತ್ತವೆ. ಆಲೆಮನೆ ಹತ್ತಿರದ ಬಯಲಲ್ಲಿ ಮೂರು ಮೀಟರ್ ಬಿದಿರು ನೆಟ್ಟು ತುದಿಗೆ ಹಗುರ ನೈಲಾನ್ ಪಟ್ಟಿ ಕಟ್ಟಿ. ಗಂಟೆಗೊಮ್ಮೆ ಅದು ಯಾವ ಕಡೆ ಹಾರುತ್ತಿದೆ, ಜೋತುಬಿದ್ದಿದೆಯೇ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ದುಡ್ಡಿದ್ದರೆ ಗಾಳಿಮಾಪಕ ಹಾಕಬಹುದು. ಆದರೆ ಬಹಳ ಮೆಲ್ಲನೆಯ ಗಾಳಿಗೆ ಅಗ್ಗದ ಬಟ್ಟಲು ತಿರುಗುವುದೇ ಇಲ್ಲ, ಹೊಗೆ ನೆಲ ಹಿಡಿಯುವುದು ಅಂಥ ಹೊತ್ತಿನಲ್ಲೇ.

ಒಲೆಗೆ ಅಂಟಿಕೊಂಡಂತೆ ಪೆಟ್ಟಿಗೆ ಇಡುವುದರಿಂದ ಲಾಭವಿಲ್ಲ. ಈ ಸೆನ್ಸರ್ ಘನಮೀಟರಿಗೆ 500 ಮೈಕ್ರೋಗ್ರಾಂವರೆಗೆ ಮಾತ್ರ ಭರವಸೆಯದ್ದು, ಸಾವಿರದ ಮೇಲೆ ಕುರುಡು. ಹಗಲು ಹೊಗೆ ಚಿಮಣಿಯಿಂದ ಎದ್ದು ತಲೆ ಮೇಲೆ ಹಾದುಹೋಗುವುದರಿಂದ ಹತ್ತಿರದ ಪೆಟ್ಟಿಗೆ ಕೆಲವೊಮ್ಮೆ ಏನನ್ನೂ ತೋರಿಸುವುದಿಲ್ಲ, ಇನ್ನೂರು ಮುನ್ನೂರು ಮೀಟರ್ ಆಚೆ ಇಳಿದು ಮುಟ್ಟುತ್ತದೆ. ಚಳಿಗಾಲದ ರಾತ್ರಿ ನೆಲ ತಣ್ಣಗಾಗಿ ಮೇಲಿನ ಗಾಳಿ ಬೆಚ್ಚಗಿದ್ದಾಗ ಹೊಗೆ ಮೇಲೇಳಲಾರದೆ ತಗ್ಗಿನ ಗದ್ದೆ ಬಯಲಿಗೆ ಹರಿದು ಅಲ್ಲೇ ಮಲಗುತ್ತದೆ. ಹಾಗಾಗಿ ಹೊಗೆ ಹೋಗುವ ಕಡೆಗೆ 100 ಮತ್ತು 300 ಮೀಟರ್ ಎರಡರಲ್ಲೂ ಒಂದೊಂದು ಇದ್ದರೆ ಒಳ್ಳೆಯದು. ಎತ್ತರ ಮೂರು ಮೀಟರ್. ಮಂಡಳಿಯ ಮಾಪನಗಳೂ ಮೂರರಿಂದ ಹತ್ತು ಮೀಟರ್ ಎತ್ತರದಲ್ಲೇ ನಡೆಯುವುದು.

ಮನೆ ಗೋಡೆಗೆ ಕಟ್ಟುವಾಗ ಬಚ್ಚಲು ಯಾವ ಕಡೆ ಎಂದು ನೋಡಿ. ಬೆಳಗ್ಗೆ ಐದೂವರೆಯಿಂದ ಏಳರವರೆಗೆ ಸ್ನಾನದ ಹಂಡೆ ಒಲೆಗೆ ಬೆಂಕಿ ಬೀಳುತ್ತದೆ. ತೆಂಗಿನ ಗರಿ, ಮಟ್ಟೆ, ಕೆಲವೊಮ್ಮೆ ಹಾಲಿನ ಪ್ಯಾಕೆಟ್ ಕವರೂ ಒಳಗೆ ಹೋಗುತ್ತದೆ. ಆ ಹೊತ್ತಿನ ಗೆರೆ ನೋಡಿದರೆ ಕಡಿದಾಗಿ ಏರಿ ಇಪ್ಪತ್ತು ಮೂವತ್ತು ನಿಮಿಷದಲ್ಲಿ ಇಳಿದಿರುತ್ತದೆ, ಆಮೇಲೆ ಪಕ್ಕದ ಮನೆಯ ಸರದಿಗೆ ಮತ್ತೊಂದು ಮೊನೆ. ಆಲೆಮನೆಯ ಗೆರೆ ಹಾಗಿರುವುದಿಲ್ಲ. ಒಲೆ ಹೊತ್ತಿಸುವಾಗ ಒಮ್ಮೆ ಏರಿ, ಆಮೇಲೆ ಗಂಟೆಗಟ್ಟಲೆ ಎತ್ತರದಲ್ಲೇ ಅಲೆಯುತ್ತಾ, ಕೊಪ್ಪರಿಗೆ ಇಳಿಸುವಾಗ ತಗ್ಗಿ, ಹೊಸದಾಗಿ ಕಬ್ಬಿನ ಹಾಲು ಬಿಟ್ಟು ಉರಿ ಜೋರು ಮಾಡಿದಾಗ ತಿರುಗಿ ಏರುತ್ತದೆ. ಗದ್ದೆಯಲ್ಲಿ ತರಗು, ಅಂದರೆ ಕಬ್ಬಿನ ಒಣ ಗರಿ ಸುಟ್ಟರೆ ಅರ್ಧ ಗಂಟೆಯಲ್ಲಿ ಎಲ್ಲ ಪೆಟ್ಟಿಗೆಗಳೂ ಒಟ್ಟಿಗೆ ಏರಬಹುದು. ಇದನ್ನೆಲ್ಲ ಬಿಡಿಸಲು ಯಂತ್ರಕ್ಕಿಂತ ನೋಟ್‌ಬುಕ್ ಮುಖ್ಯ: ಒಲೆ ಹೊತ್ತಿಸಿದ್ದು ಎಷ್ಟಕ್ಕೆ, ಆರಿಸಿದ್ದು ಎಷ್ಟಕ್ಕೆ, ಏನು ಒಟ್ಟಿದರು, ಯಾರ ಗದ್ದೆಯಲ್ಲಿ ಬೆಂಕಿ.

ಲೆಕ್ಕ

ಮೊದಲು ಜೋಡಿ ಸೆನ್ಸರುಗಳನ್ನು ಹೋಲಿಸಿ. ಒಂದು ಗಂಟೆಯಲ್ಲಿ ಎರಡರ ಸರಾಸರಿಗಳ ನಡುವೆ 10 ಮೈಕ್ರೋಗ್ರಾಂಗೂ ಹೆಚ್ಚು, ಜೊತೆಗೆ ಶೇ 20ಕ್ಕೂ ಹೆಚ್ಚು ವ್ಯತ್ಯಾಸವಿದ್ದರೆ ಆ ಗಂಟೆ ಬಿಡಿ. ನಂತರ ಗಾಳಿ ಆಲೆಮನೆಯಿಂದ ಪೆಟ್ಟಿಗೆಯತ್ತ ಬೀಸಿದ ಗಂಟೆಗಳನ್ನು ಮಾತ್ರ ಆರಿಸಿ, ಅದೇ ಗಂಟೆಯ ಗಾಳಿ ಬರುವ ಕಡೆಯ ಅಂಕಿಯನ್ನು ಹೊಗೆ ಹೋಗುವ ಕಡೆಯ ಅಂಕಿಯಿಂದ ಕಳೆಯಿರಿ. ಉಳಿದದ್ದು ಆಲೆಮನೆಯ ಪಾಲು. ಒಲೆ ಆರಿದ ದಿನ, ಅದೇ ದಿಕ್ಕಿನ ಗಾಳಿಯಲ್ಲಿ ಇದೇ ಲೆಕ್ಕ ಮಾಡಿದಾಗ ಉತ್ತರ ಸೊನ್ನೆಯ ಹತ್ತಿರ ಬರಬೇಕು. ಬರದಿದ್ದರೆ ಜಾಗ ತಪ್ಪಿದೆ, ನಡುವೆ ಬೇರೇನೋ ಉರಿಯುತ್ತಿದೆ.

ಮಿತಿಗೆ ಹೋಲಿಸುವಾಗ ಕಳೆಯಬಾರದು, ಜನ ಉಸಿರಾಡುವುದು ಒಟ್ಟು ಗಾಳಿಯನ್ನು. 2009ರ ರಾಷ್ಟ್ರೀಯ ಮಾನದಂಡದಲ್ಲಿ ಪಿಎಂ 2.5ಕ್ಕೆ 24 ಗಂಟೆಯ ಸರಾಸರಿ ಘನಮೀಟರಿಗೆ 60 ಮೈಕ್ರೋಗ್ರಾಂ, ವರ್ಷದ ಸರಾಸರಿ 40. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15 ಮತ್ತು 5. ಗಂಟೆಯ ಮಿತಿ ನಮ್ಮಲ್ಲಿ ಇಲ್ಲ. ಹಾಗಾಗಿ ‘ರಾತ್ರಿ ಎಂಟಕ್ಕೆ 190 ಇತ್ತು, ಮಿತಿಗಿಂತ ಮೂರು ಪಟ್ಟು’ ಎಂದು ಬರೆದರೆ ತಾಂತ್ರಿಕವಾಗಿ ತಪ್ಪು. ಗುಣಾಂಕ ಹಾಕಿದ ಮೇಲೆ ಆರು ಗಂಟೆ 190, ಉಳಿದ ಹದಿನೆಂಟು ಗಂಟೆ 35 ಇದ್ದರೆ: 1140ಕ್ಕೆ 630 ಕೂಡಿಸಿ 24ರಿಂದ ಭಾಗಿಸಿದರೆ 73.75. ಇದನ್ನು ಮಿತಿ ಮೀರಿದೆ ಎಂದು ಧೈರ್ಯವಾಗಿ ಹೇಳಬಹುದು. ಅದೇ ನಾಲ್ಕು ಗಂಟೆ 190 ಇದ್ದಿದ್ದರೆ 60.8, ಸೆನ್ಸರಿನ ತಪ್ಪಿನೊಳಗೇ ಮುಳುಗಿಹೋಗುವ ಅಂತರ. ಒಂದು ದಿನಕ್ಕೆ ಕನಿಷ್ಠ 16 ಗಂಟೆಯ ದಾಖಲೆ ಇಲ್ಲದಿದ್ದರೆ ಆ ದಿನವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಡಿಸೆಂಬರ್, ಜನವರಿಯ ಮುಂಜಾನೆ ನಾಲೆ ಬಯಲಿನ ಮಂಜು ದೊಡ್ಡ ಮೋಸಗಾರ. ತೇವಾಂಶ ಶೇ 80 ದಾಟಿದರೆ ಕಣಗಳು ನೀರು ಹೀರಿ ಉಬ್ಬುತ್ತವೆ, ದಟ್ಟ ಮಂಜಿನಲ್ಲಿ ಹನಿಯನ್ನೇ ಯಂತ್ರ ಹೊಗೆ ಎಂದು ಎಣಿಸುತ್ತದೆ. ಅಂಥ ಗಂಟೆಗಳನ್ನು ಅಳಿಸಬೇಡಿ, ಗುರುತು ಹಾಕಿ ಪ್ರತ್ಯೇಕ ಇಡಿ. ಮಂಜು ಎರಡೂ ಕಡೆಯ ಪೆಟ್ಟಿಗೆಗಳನ್ನು ಉಬ್ಬಿಸುತ್ತದೆ, ಹೊಗೆ ಒಂದೇ ಕಡೆಯದನ್ನು.

ಅಂಕಿ ಇದ್ದಕ್ಕಿದ್ದಂತೆ ಕಡಿಮೆಯಾಗಿ ‘ಗಾಳಿ ಸುಧಾರಿಸಿತು’ ಅನ್ನಿಸಿದರೆ ಮೊದಲು ವೈರ್ ನೋಡಿ. ಉದ್ದನೆಯ ತೆಳು ಯುಎಸ್‌ಬಿ ಕೇಬಲಿನಲ್ಲಿ ವೋಲ್ಟೇಜು 4.5ಕ್ಕಿಂತ ಇಳಿದರೆ ಫ್ಯಾನು ನಿಧಾನವಾಗಿ ಒಳಗೆ ಬರುವ ಗಾಳಿಯೇ ಕಡಿಮೆಯಾಗುತ್ತದೆ.

ಅನಿಲಗಳು

ಎಂಕ್ಯೂ135, ಎಂಕ್ಯೂ7 ಎಂಬ ನೂರಿನ್ನೂರು ರೂಪಾಯಿಯ ಸೆನ್ಸರ್ ಹಾಕಿ ‘ವಿಷಾನಿಲ ಮೀಟರ್’ ಎಂದು ತೋರಿಸುವವರಿದ್ದಾರೆ. ಎಂಕ್ಯೂ135ಕ್ಕೆ ಅಮೋನಿಯಾ, ಹೊಗೆ, ಮದ್ಯಸಾರ ಎಲ್ಲವೂ ಒಂದೇ. ಆಲೆಮನೆಯಲ್ಲಿ ಹುಳಿಯುತ್ತಿರುವ ಕಬ್ಬಿನ ಹಾಲಿನ ವಾಸನೆಗೂ ಅದು ಕೂಗುತ್ತದೆ. ಕಾರ್ಬನ್ ಮಾನಾಕ್ಸೈಡಿಗೆ ಎಲೆಕ್ಟ್ರೋಕೆಮಿಕಲ್ ಸೆನ್ಸರ್ ಬೇಕು. ಮಾನದಂಡ ಎಂಟು ಗಂಟೆಗೆ ಘನಮೀಟರಿಗೆ 2 ಮಿಲಿಗ್ರಾಂ, ಅಂದರೆ ಸುಮಾರು 1.7 ಪಿಪಿಎಂ (ಹತ್ತು ಲಕ್ಷದಲ್ಲಿ 1.7 ಪಾಲು). ಮನೆಗೆ ಹಾಕುವ ಅಲಾರಂಗಳು ಸಾಮಾನ್ಯವಾಗಿ 50 ಪಿಪಿಎಂ ಇಲ್ಲವೇ ಅದಕ್ಕೂ ಮೇಲೆ ಹೋದಾಗ ಕೂಗುವಂಥವು, ಊರ ಗಾಳಿಗೆ ಉಪಯೋಗವಿಲ್ಲ. ಒಲೆ ಬಾಯಲ್ಲಿ ಕೂತು ಉರಿ ಹಾಕುವವನ ಪಕ್ಕ ಇಟ್ಟರೆ ಮಾತ್ರ ಕೆಲಸಕ್ಕೆ ಬರುತ್ತದೆ.

ಸಕ್ಕರೆ ಕಾರ್ಖಾನೆ, ಡಿಸ್ಟಿಲರಿಯ ಕೊಳಚೆ ಹೊಂಡದ ಕೊಳೆತ ಮೊಟ್ಟೆ ವಾಸನೆಗೆ ಲೆಡ್ ಅಸಿಟೇಟ್ ಕಾಗದ ಸಾಕು. ತೇವ ಮಾಡಿ, ಮಳೆ ಬಿಸಿಲು ತಾಗದಂತೆ ನೇತುಹಾಕಿದರೆ ಹೈಡ್ರೋಜನ್ ಸಲ್ಫೈಡಿಗೆ ಕಂದಾಗಿ ಕಪ್ಪಾಗುತ್ತದೆ. ಎಷ್ಟಿದೆ ಎಂದು ಹೇಳದು, ಇದೆಯೇ ಎಂದು ಹೇಳುತ್ತದೆ. ಸೀಸವಿರುವುದರಿಂದ ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ.

ಟೈರು ಸುಟ್ಟ ಹೊಗೆಯ ಬೆಂಜೀನ್ ತಿಳಿಯಬೇಕಾದರೆ ಬಕೆಟ್ ಉಪಾಯ. ಇದು ಕ್ಯಾಲಿಫೋರ್ನಿಯಾದ ತೈಲ ಸಂಸ್ಕರಣಾಗಾರಗಳ ಸುತ್ತ 1990ರ ದಶಕದಲ್ಲಿ ಶುರುವಾಗಿ, ನಮ್ಮ ಪಕ್ಕದ ತಮಿಳುನಾಡಿನ ಕಡಲೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಹಳ್ಳಿಗಳವರೆಗೂ ಬಂದದ್ದು. ರಬ್ಬರ್ ಸೀಲ್ ಇರುವ 20 ಲೀಟರ್ ಹೊಸ ಬಕೆಟ್ ತನ್ನಿ, ಪೇಂಟಿನದು ಬೇಡ. ಮುಚ್ಚಳಕ್ಕೆ ಎರಡು ತೂತು. ಒಂದರಲ್ಲಿ ಕಾಲಿಂಚಿನ ಸ್ಟೀಲ್ ಅಥವಾ ಟೆಫ್ಲಾನ್ ನಳಿಗೆ, ಅದರ ಒಳತುದಿಗೆ 5 ಲೀಟರಿನ ಟೆಡ್ಲಾರ್ ಚೀಲ. ಇನ್ನೊಂದಕ್ಕೆ ಚಿಕ್ಕ ವ್ಯಾಕ್ಯೂಮ್ ಪಂಪು. ಪಂಪು ಬಕೆಟ್ಟಿನೊಳಗಿನ ಗಾಳಿಯನ್ನು ಹೊರಗೆ ಎಳೆದಂತೆ ಚೀಲ ಎದೆಗೂಡಿನೊಳಗಿನ ಶ್ವಾಸಕೋಶದಂತೆ ಹಿಗ್ಗಿ ಹೊರಗಿನ ಗಾಳಿ ತುಂಬಿಕೊಳ್ಳುತ್ತದೆ. ಮಾದರಿ ಪಂಪನ್ನು ಮುಟ್ಟುವುದೇ ಇಲ್ಲ. ಮೊದಲ ಸಲ ತುಂಬಿದ್ದನ್ನು ಹಿಂಡಿ ಖಾಲಿ ಮಾಡಿ, ಎರಡನೆಯದನ್ನು ಉಳಿಸಿಕೊಳ್ಳಿ. ಮುಕ್ಕಾಲಿಗಿಂತ ಹೆಚ್ಚು ತುಂಬಬೇಡಿ, ಬಿಸಿಲಿಗೆ ಇಡಬೇಡಿ, ಫ್ರಿಜ್ಜಿಗೂ ಬೇಡ, ಒಳಗೆ ನೀರಾಗುತ್ತದೆ. ಎರಡು ದಿನದೊಳಗೆ ಲ್ಯಾಬು ತಲುಪಬೇಕು. ಚೀಲದಿಂದಲೇ ಸ್ವಲ್ಪ ಫೀನಾಲ್ ಬಿಡುವುದರಿಂದ ವರದಿಯ ಆ ಸಾಲನ್ನು ಹೊಗೆಯ ಖಾತೆಗೆ ಹಾಕಬೇಡಿ. ಚೀಲ ಕೊಳ್ಳುವ ಮೊದಲೇ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿಗೆ ಫೋನ್ ಮಾಡಿ ಚೀಲದ ಮಾದರಿ ತೆಗೆದುಕೊಳ್ಳುತ್ತಾರೆಯೇ, ಎಷ್ಟಾಗುತ್ತದೆ ಎಂದು ಕೇಳಿ. ದರ ಹೆಚ್ಚು. ಅಷ್ಟು ಮಾಡಿದರೂ ಸಿಗುವುದು ಕೆಲವು ನಿಮಿಷದ ಅಂಕಿ, ಬೆಂಜೀನಿನ ಮಾನದಂಡವಾದ 5 ಮೈಕ್ರೋಗ್ರಾಂ ವರ್ಷದ ಸರಾಸರಿ. ಎರಡನ್ನೂ ನೇರ ಹೋಲಿಸುವಂತಿಲ್ಲ.

ಟೈರು ಒಟ್ಟಿದ್ದಾರೆ ಎಂದು ತೋರಿಸುವುದಷ್ಟೇ ಗುರಿಯಾದರೆ ಬಕೆಟ್ಟಿಗಿಂತ ಒಲೆಯ ಬೂದಿ ಸುಲಭದ ಸಾಕ್ಷಿ. ಟೈರಿನ ಅಂಚಿನ ಉಕ್ಕಿನ ತಂತಿ ಸುಡುವುದಿಲ್ಲ, ಸುರುಳಿ ಸುರುಳಿಯಾಗಿ ಬೂದಿಯ ಜೊತೆ ಹೊರಗೆ ಬರುತ್ತದೆ. ದಿನಾಂಕ ಕಾಣುವಂತೆ ಫೋಟೋ ತೆಗೆದುಕೊಳ್ಳಿ.

ಅಂಕಿ ಕೈಗೆ ಬಂದ ಮೇಲೆ

ಅಗ್ಗದ ಸೆನ್ಸರಿನ ದಾಖಲೆ ಕೋರ್ಟಿನಲ್ಲಿ ನಿಲ್ಲುವ ಪುರಾವೆಯಲ್ಲ. 1981ರ ವಾಯು ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಮಾದರಿ ತೆಗೆಯುವ ಅಧಿಕಾರ ಮಂಡಳಿಯದ್ದು. ದೂರು ಕೊಟ್ಟಾಗ ಅಧಿಕಾರಿಗಳು ಹಗಲು ಹನ್ನೊಂದಕ್ಕೆ ಬಂದು, ಗಾಳಿ ಚೆನ್ನಾಗಿ ಆಡುತ್ತಿರುವಾಗ ನೋಡಿ ಹೋದರೆ ಏನೂ ಸಿಗುವುದಿಲ್ಲ. ನಿಮ್ಮ ದಾಖಲೆಯ ಕೆಲಸ ಯಾವಾಗ, ಎಲ್ಲಿಗೆ ಬರಬೇಕೆಂದು ಹೇಳುವುದು: ಇಂಥ ತಿಂಗಳು, ರಾತ್ರಿ ಏಳರಿಂದ ಒಂದರವರೆಗೆ, ಗಾಳಿ ಮೂಡಲಿಂದ ಇದ್ದಾಗ, ಶಾಲೆಯ ಪಡುವಣ ಗೋಡೆ ಹತ್ತಿರ. ಮಂಡ್ಯದ ಪ್ರಾದೇಶಿಕ ಕಚೇರಿಗೆ ಕೊಡುವ ಅರ್ಜಿಯಲ್ಲಿ ಈ ಒಂದು ಸಾಲು ಮೊದಲು ಬರಲಿ, ಗ್ರಾಫು ಆಮೇಲೆ. ಯಾವ ಸೆನ್ಸರ್, ಯಾವ ಅಂಕಿ, ಯಾವ ಗುಣಾಂಕ, ಎಷ್ಟು ಗಂಟೆ ಬಿಟ್ಟಿರಿ, ಏಕೆ ಎಂಬುದನ್ನೂ ಒಂದು ಪುಟದಲ್ಲಿ ಲಗತ್ತಿಸಿ.

ಅದಕ್ಕೂ ಮೊದಲು ಆಲೆಮನೆಯವರಿಗೆ ಅಂಕಿ ತೋರಿಸಿ. ಅವರೂ ಅದೇ ಊರಿನವರು, ಉರಿ ಹಾಕುವವರು ಎಲ್ಲರಿಗಿಂತ ಹೆಚ್ಚು ಹೊಗೆ ಕುಡಿಯುವವರು. ಗಾಣದಿಂದ ಬಂದ ಹಸಿ ರಚ್ಚಿನಲ್ಲಿ ತೂಕದ ಅರ್ಧದಷ್ಟು ನೀರು. ಅದನ್ನು ಬಿಸಿಲಿಗೆ ಹರಡಿ ಒಣಗಿಸಿ ಒಟ್ಟಿದರೆ ಹೊಗೆ ಕಡಿಮೆ, ಪಾಕವೂ ಬೇಗ ಬರುತ್ತದೆ. ಒಣ ರಚ್ಚು ಹಾಕುವ ಒಂದು ವಾರ, ಹಸಿಯದನ್ನು ಹಾಕುವ ಒಂದು ವಾರ ಅಳೆಯಲು ಒಪ್ಪಿದರೆ, ಒಂದೇ ದಿಕ್ಕಿನ ಗಾಳಿ ಇದ್ದ ಗಂಟೆಗಳನ್ನು ಮಾತ್ರ ಆರಿಸಿ, ಪೆಟ್ಟಿಗೆ ಕದಲಿಸದೆ, ಮಧ್ಯಮ ಅಂಕಿಗಳನ್ನು (ಎಲ್ಲವನ್ನೂ ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ) ಪಕ್ಕಪಕ್ಕ ಇಡಿ. ಸರಾಸರಿ ಬೇಡ, ಒಂದು ರಾತ್ರಿ ಯಾರೋ ತರಗು ಸುಟ್ಟದ್ದೇ ಇಡೀ ವಾರವನ್ನು ಎಳೆದುಬಿಡುತ್ತದೆ.